ತೂಕದ ಮಾತು ಬಿಡಿ, ಜೊತೆಗೆ ಊಟಕ್ಕೆ ಕೂರಿ: ಹದಿಹರೆಯದ ಮಕ್ಕಳಿರುವ ಮನೆಗೆ

ನನ್ನ ಮಗಳು ಒಂಬತ್ತನೇ ಕ್ಲಾಸಿನಲ್ಲಿದ್ದಾಗ ಒಂದು ರಾತ್ರಿ ಊಟಕ್ಕೆ ಕೂತು, ಮುದ್ದೆಯನ್ನು ಬೆರಳಿನಲ್ಲಿ ಎರಡು ಭಾಗ ಮಾಡಿ, ಒಂದನ್ನು ತಟ್ಟೆಯ ಅಂಚಿಗೆ ತಳ್ಳಿಟ್ಟಳು. ಉಳಿದ ಅರ್ಧವನ್ನು ಮತ್ತೆ ಎರಡು ಮಾಡಿದಳು. ಬಸ್ಸಾರಿನಲ್ಲಿದ್ದ ಕಾಳನ್ನು ಒಂದೊಂದೇ ಆರಿಸಿ ತಿಂದು ಎದ್ದು ಹೋದಳು. ಮುದ್ದೆ ಗಟ್ಟಿಯಾಗಿರಬೇಕು ಅಂದುಕೊಂಡು ನಾನು ಸುಮ್ಮನಾದೆ. ಮಾರನೇ ದಿನವೂ ಅದೇ, ಅದರ ಮಾರನೇ ದಿನವೂ ಅದೇ. ಹತ್ತು ಹನ್ನೆರಡು ದಿನ ಆದಮೇಲೆ ವಿಷಯ ಹೊರಬಂತು. ಶಾಲೆಯಲ್ಲಿ ಆರೋಗ್ಯ ತಪಾಸಣೆ ಇತ್ತಂತೆ, ಮಕ್ಕಳನ್ನು ಸಾಲಾಗಿ ನಿಲ್ಲಿಸಿ ತೂಕ ನೋಡಿ, ಆ ಕಡೆ ಕೂತು ಬರೆದುಕೊಳ್ಳುವವರಿಗೆ ಕೇಳಲಿ ಅಂತ ಒಬ್ಬೊಬ್ಬರದೂ ಜೋರಾಗಿ ಕೂಗಿದರಂತೆ. ಇವಳ ತೂಕ ಕೂಗಿದಾಗ ಹಿಂದಿನಿಂದ ಯಾರೋ ನಕ್ಕರಂತೆ. ಅದೇ ವಾರ ನೆಂಟರ ಮನೆಯ ನಾಮಕರಣದಲ್ಲಿ ಅವಳ ಸೋದರತ್ತೆ "ಏನವ್ವ, ಗುಂಡಗಾಗ್ಬಿಟ್ಟಿದೀಯ, ಒಂದೊತ್ತು ಊಟ ಬಿಡು" ಅಂದಿದ್ದರು. ನಾನು ಪಕ್ಕದಲ್ಲೇ ನಿಂತು ನಕ್ಕಿದ್ದೆ. ಆ ನಗು ನೆನೆಸಿಕೊಂಡರೆ ಈಗಲೂ ಹೊಟ್ಟೆ ತೊಳಸುತ್ತದೆ.

ಆಮೇಲೆ ಮಕ್ಕಳ ಡಾಕ್ಟರ್ ಹತ್ತಿರ ಹೋದೆ, ಸಿಕ್ಕಿದ್ದನ್ನೆಲ್ಲ ಓದಿದೆ, ಮನೆಯಲ್ಲಿ ಒಂದೊಂದಾಗಿ ಬದಲಾಯಿಸುತ್ತಾ ಬಂದೆ. ನಾನು ಡಾಕ್ಟರ್ ಅಲ್ಲ. ಆದರೆ ಈ ವಿಷಯದಲ್ಲಿ ಸಂಶೋಧಕರು ಕಂಡುಕೊಂಡದ್ದು ನಮ್ಮ ಮಂಡ್ಯ, ಮೈಸೂರಿನ ಅಡುಗೆ ಮನೆಗೆ ಎಷ್ಟು ಹೊಂದುತ್ತದೆ ಅನ್ನೋದು ನನಗೆ ಚೆನ್ನಾಗಿ ಗೊತ್ತಾಗಿದೆ. 10ರಿಂದ 19 ವರ್ಷದ ಮಕ್ಕಳು ಮನೆಯಲ್ಲಿದ್ದರೆ ಪೂರ್ತಿ ಓದಿ.

ಮೊದಲ ಕೆಲಸ: ಮೈ ಬಗ್ಗೆ ಮಾತು ನಿಲ್ಲಿಸುವುದು

ಇದನ್ನು ಮೊದಲು ಹೇಳುವುದಕ್ಕೆ ಕಾರಣ ಇದೆ. ಖರ್ಚಿಲ್ಲ, ಇವತ್ತೇ ಶುರು ಮಾಡಬಹುದು, ಮತ್ತು ಎಲ್ಲಕ್ಕಿಂತ ಕಷ್ಟ ಇದೇ.

ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಡಯಾನ್ ನ್ಯೂಮಾರ್ಕ್-ಸ್ಟೈನರ್ ಅನ್ನುವ ಸಂಶೋಧಕಿ ತಮ್ಮ ತಂಡದ ಜೊತೆ 'ಪ್ರಾಜೆಕ್ಟ್ ಈಟ್' ಅಂತ ಒಂದು ಅಧ್ಯಯನ ಶುರು ಮಾಡಿದರು. 1998–99ರಲ್ಲಿ 31 ಶಾಲೆಗಳ 4,746 ಮಕ್ಕಳನ್ನು ಊಟ, ತೂಕ, ಮನಸ್ಸಿನ ಬಗ್ಗೆ ಕೇಳಿ, ಅವರಲ್ಲಿ ಅನೇಕರನ್ನು ದೊಡ್ಡವರಾಗುವವರೆಗೂ ವರ್ಷಗಟ್ಟಲೆ ಮತ್ತೆ ಮತ್ತೆ ಕೇಳುತ್ತಾ ಬಂದರು. ಚಿಕ್ಕಂದಿನಲ್ಲಿ ಮನೆಯವರಿಂದ ತೂಕದ ವಿಷಯಕ್ಕೆ ಗೇಲಿ ಮಾಡಿಸಿಕೊಂಡವರಲ್ಲಿ ಹದಿನೈದು ವರ್ಷ ಕಳೆದ ಮೇಲೂ ಅದರ ಗುರುತು ಕಾಣುತ್ತಿತ್ತು. ದುಃಖಕ್ಕೆ ತಿನ್ನುವುದು, ತಮ್ಮ ಮೈ ತಮಗೇ ಇಷ್ಟವಾಗದಿರುವುದು, ಇಂಥವು ಅವರಲ್ಲಿ ಜಾಸ್ತಿ. ಅದೇ ತಂಡದವರು 2013ರಲ್ಲಿ ಪ್ರಕಟಿಸಿದ ಇನ್ನೊಂದು ವಿಷಯ ನನ್ನ ಕಣ್ಣು ತೆರೆಸಿತು: ಅಪ್ಪ ಅಮ್ಮ ಮಕ್ಕಳ ಜೊತೆ ತೂಕದ ಬಗ್ಗೆ ಮಾತಾಡುವ ಮನೆಗಳಲ್ಲಿ ಮಕ್ಕಳು ಡಯಟ್ ಮಾಡುವುದು, ಊಟ ಬಿಡುವುದು ಜಾಸ್ತಿ ಇತ್ತು, ಬರೀ ಒಳ್ಳೆಯ ಊಟದ ಬಗ್ಗೆ ಮಾತಾಡುವ ಮನೆಗಳಲ್ಲಿ ಕಮ್ಮಿ ಇತ್ತು. ಇದು ಜೊತೆಜೊತೆಗೆ ಕಂಡ ಸಂಬಂಧ, ಮಾತೊಂದೇ ಕಾರಣ ಅಂತ ಇದರಿಂದ ಹೇಳೋಕಾಗಲ್ಲ, ನಿಜ. ಆದರೆ ಆಡದೆ ಇದ್ದರೆ ಕಳೆದುಕೊಳ್ಳುವುದೇನಿದೆ ಹೇಳಿ?

ಆದ್ದರಿಂದ ದಪ್ಪ, ಸಣ್ಣ, ಗುಂಡ, ಡುಮ್ಮಿ, ಒಣಕಲು, ಕಡ್ಡಿ, ಇಷ್ಟೂ ಪದ ಮನೆಯಿಂದ ಆಚೆ ಹಾಕಿ. ಪ್ರೀತಿಗೆ ಕರೆಯುವುದೂ ಬೇಡ. ನಿಮ್ಮ ಮೈ ಬಗ್ಗೆ ನೀವೇ ಕನ್ನಡಿ ಮುಂದೆ "ಅಯ್ಯೋ ಹೊಟ್ಟೆ ನೋಡು" ಅನ್ನುವುದೂ ಬೇಡ, ಪಕ್ಕದ ರೂಮಿನಲ್ಲಿ ಕಿವಿ ಇರುತ್ತದೆ. ಗಂಡು ಮಕ್ಕಳನ್ನು ಮರೆಯಬೇಡಿ. "ಎಷ್ಟು ತಿಂದ್ರೂ ಮೈ ಹತ್ತಲ್ಲ ಇವನಿಗೆ" ಅನ್ನಿಸಿಕೊಂಡ ಹುಡುಗನೇ ಮುಂದೆ ಜಿಮ್ಮಿನಲ್ಲಿ ಯಾರೋ ಹೇಳಿದ ಯಾವುದೋ ಪೌಡರ್ ಡಬ್ಬಕ್ಕೆ ಸಾವಿರಾರು ರೂಪಾಯಿ ಸುರಿಯುವುದು.

ನೆಂಟರದು ದೊಡ್ಡ ತಲೆನೋವು. ಹಬ್ಬ, ಮದುವೆ, ಬೀಗರೂಟ ಬಂತೆಂದರೆ ಮಕ್ಕಳ ಮೈ ಅಳೆಯುವವರು ಇದ್ದೇ ಇರುತ್ತಾರೆ. ಜಗಳ ಬೇಡ. ಮಗುವಿನ ಎದುರಿಗೇ, ಮೆತ್ತಗೆ, ಒಂದೇ ಮಾತು ಹೇಳಿ. ನಾನು ನಮ್ಮ ನಾದಿನಿಗೆ ಹೇಳಿದ್ದು ಹೀಗೆ: "ಅಕ್ಕ, ಅವಳ ಮೈ ವಿಷಯ ನಮ್ಮನೇಲಿ ಮಾತಾಡಲ್ಲ. ಕಬಡ್ಡಿ ಟೀಮಿಗೆ ಸೇರಿದ್ದಾಳೆ, ಅದನ್ನ ಕೇಳಿ." ಅವರಿಗೆ ಸ್ವಲ್ಪ ಬೇಜಾರಾಯಿತು. ಆದರೆ ಅಮ್ಮ ನನ್ನ ಪಕ್ಕ ನಿಂತಳು ಅನ್ನೋದನ್ನು ಮಗಳು ನೋಡಿದಳು, ನನಗೆ ಬೇಕಾಗಿದ್ದು ಅಷ್ಟೇ. ಹಿಂದೆ ನೀವೂ ಇಂಥ ಮಾತು ಆಡಿದ್ದರೆ ಮಗುವಿನ ಹತ್ತಿರ ನೇರವಾಗಿ ಒಪ್ಪಿಕೊಳ್ಳಿ. "ಅವತ್ತು ನಾನು ನಗಬಾರದಿತ್ತು ಕಂದ, ತಪ್ಪಾಯ್ತು" ಅಂದೆ ನಾನು. ಅವಳು ಏನೂ ಅನ್ನಲಿಲ್ಲ, ಎದ್ದು ಹೋಗಿ ನೀರು ಕುಡಿದು ಬಂದು ಮತ್ತೆ ನನ್ನ ಪಕ್ಕದಲ್ಲೇ ಕೂತಳು.

ಶಾಲೆಯಲ್ಲಿ ತೂಕ ಕೂಗುವ ಅಭ್ಯಾಸ ಇದ್ದರೆ ಹೆಡ್‌ಮಾಸ್ಟರ್ ಹತ್ತಿರ ಹೋಗಿ ಕೇಳಿ. ಒಂದು ಪರದೆ ಕಟ್ಟಿ, ಒಬ್ಬೊಬ್ಬರನ್ನೇ ಕರೆದು, ಬಾಯಲ್ಲಿ ಹೇಳದೆ ಬರೆದುಕೊಂಡರೆ ಮುಗಿಯಿತು.

ಕಣ್ಣಿಗೆ ಕಾಣುವ ತೂಕ ನಂಬಬೇಡಿ

ದೊಡ್ಡವರಾಗುವ ವಯಸ್ಸಿನಲ್ಲಿ ಮೈ ತುಂಬಿಕೊಳ್ಳಲೇಬೇಕು. ಹುಡುಗಿಯರಿಗೆ 12ರ ಆಸುಪಾಸು, ಹುಡುಗರಿಗೆ 14ರ ಆಸುಪಾಸು ತೂಕ ಏರುವ ವೇಗ ಎಲ್ಲಕ್ಕಿಂತ ಜಾಸ್ತಿ ಇರುತ್ತದೆ, ಆ ಒಂದೇ ವರ್ಷದಲ್ಲಿ 8–9 ಕೆ.ಜಿ. ಏರುವುದೂ ಇದೆ. ಅನೇಕ ಮಕ್ಕಳು ಮೊದಲು ಅಗಲವಾಗಿ ಆಮೇಲೆ ಉದ್ದವಾಗುತ್ತಾರೆ. ಆ ನಡುವಿನ ತಿಂಗಳುಗಳಲ್ಲೇ ನಾವು ಗಾಬರಿ ಬಿದ್ದು ಅನ್ನದ ಸೌಟು ಕಿತ್ತುಕೊಳ್ಳುವುದು.

ಇನ್ನೊಂದು ವಿಷಯ ನಮ್ಮ ಮೈಸೂರಿನಲ್ಲೇ ಗೊತ್ತಾದದ್ದು. 1997–98ರಲ್ಲಿ ಹೋಲ್ಡ್ಸ್‌ವರ್ತ್ ಆಸ್ಪತ್ರೆಗೆ, ಅಂದರೆ ನಮ್ಮ ಕಡೆಯವರು ಮಿಷನ್ ಆಸ್ಪತ್ರೆ ಅನ್ನುತ್ತಾರಲ್ಲ ಅಲ್ಲಿಗೆ, ಬಂದ ಗರ್ಭಿಣಿಯರನ್ನು ಸೇರಿಸಿಕೊಂಡು 'ಪಾರ್ಥೆನಾನ್' ಅನ್ನುವ ಅಧ್ಯಯನ ಶುರುವಾಯಿತು. ಹುಟ್ಟಿದ ಮಕ್ಕಳನ್ನು ಬೆಳೆಯುತ್ತಾ ಹೋದಂತೆ ಕರೆಸಿ ಅಳೆಯುತ್ತಲೇ ಬಂದರು. ಇಂಗ್ಲೆಂಡಿನ ಮಕ್ಕಳಿಗೆ ಹೋಲಿಸಿದರೆ ನಮ್ಮ ಕೂಸುಗಳ ತೂಕ ಕಮ್ಮಿ, ಆದರೆ ಬೆನ್ನಿನ ಮೇಲ್ಭಾಗದ ಚರ್ಮದ ಕೆಳಗಿರುವ ಕೊಬ್ಬು ಕಮ್ಮಿ ಇರಲಿಲ್ಲ. ನಾಲ್ಕು ವರ್ಷಕ್ಕೆ ಬರುವಷ್ಟರಲ್ಲಿ ಆ ಜಾಗದ ಕೊಬ್ಬು ಅವರಿಗಿಂತ ಜಾಸ್ತಿಯೇ ಇತ್ತು. ಅಂದರೆ "ನಮ್ಮ ಹುಡುಗ ಸಣ್ಣಗಿದ್ದಾನೆ, ಏನು ತಿಂದರೂ ನಡೆಯುತ್ತೆ" ಅನ್ನುವುದೂ ತಪ್ಪು, "ಪಕ್ಕದ ಮನೆ ಹುಡುಗಿ ದಪ್ಪಗಿದ್ದಾಳೆ, ಅವಳು ಮಾತ್ರ ಹುಷಾರಾಗಿರಬೇಕು" ಅನ್ನುವುದೂ ತಪ್ಪು. ಒಂದೇ ಮನೆಯಲ್ಲಿ ಒಬ್ಬ ದಪ್ಪ ಒಬ್ಬ ಸಣ್ಣ ಮಗು ಇದ್ದರೆ ಇಬ್ಬರ ತಟ್ಟೆಗೂ ಅದೇ ಅಡುಗೆ ಬೀಳಬೇಕು. ಅಣ್ಣನಿಗೆ ತುಪ್ಪ, ತಂಗಿಗೆ ಬರೀ ಸಾರು ಮಾಡಬೇಡಿ.

ಇಡೀ ದೇಶದ ಲೆಕ್ಕ ನೋಡಿದರೂ ನಮಗೆ ಎರಡು ಕಡೆಯ ಕಷ್ಟ. 2016–18ರಲ್ಲಿ ನಡೆದ ಸಮಗ್ರ ರಾಷ್ಟ್ರೀಯ ಪೌಷ್ಟಿಕಾಂಶ ಸಮೀಕ್ಷೆಯಲ್ಲಿ 10–19 ವಯಸ್ಸಿನ ಮಕ್ಕಳಲ್ಲಿ ಶೇ. 24ರಷ್ಟು ಮಂದಿ ತೀರಾ ತೆಳ್ಳಗೆ, ಶೇ. 5ರಷ್ಟು ಮಂದಿಗೆ ತೂಕ ಜಾಸ್ತಿ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15–19ರ ಹುಡುಗಿಯರಲ್ಲಿ ಶೇ. 59ರಷ್ಟು ಮಂದಿಗೆ ರಕ್ತಹೀನತೆ. ರಕ್ತವೇ ಇಲ್ಲದ ಮಗುವಿಗೆ ಊಟ ಬಿಡು ಅಂತ ಹೇಳುವುದು ಎಂಥ ಅನ್ಯಾಯ ಅಲ್ವಾ?

ಹಸಿವು ಕಟ್ಟಿಟ್ಟರೆ ಏನಾಗುತ್ತದೆ

ಮಗಳು ನನಗೆ ಕೇಳಿದ ಪ್ರಶ್ನೆ: "ಬೆಳಿಗ್ಗೆ ತಿನ್ನದೆ ಇದ್ದೆ, ಮಧ್ಯಾಹ್ನ ಸ್ವಲ್ಪ ತಿಂದೆ, ಸಂಜೆ ಬಂದು ಒಂದು ಪ್ಯಾಕೆಟ್ ಬಿಸ್ಕತ್ ಖಾಲಿ ಮಾಡ್ಬಿಟ್ಟೆ. ನಂಗ್ಯಾಕೆ ಕಂಟ್ರೋಲ್ ಇಲ್ಲ ಅಮ್ಮ?" ಇದಕ್ಕೆ ಉತ್ತರ 1944–45ರಲ್ಲೇ ಸಿಕ್ಕಿದೆ, ಅದೂ ಅದೇ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ. ಆನ್ಸೆಲ್ ಕೀಸ್ ಅನ್ನುವ ವಿಜ್ಞಾನಿ ಗಟ್ಟಿಮುಟ್ಟಾದ 36 ಯುವಕರಿಗೆ ಆರು ತಿಂಗಳು ಅರೆಹೊಟ್ಟೆ ಊಟ ಕೊಟ್ಟು ನೋಡಿದರು. ಅವರ ಒಪ್ಪಿಗೆ ತಗೊಂಡೇ. ತೂಕ ಸುಮಾರು ಕಾಲು ಭಾಗ ಇಳಿಯಿತು. ಅದರ ಜೊತೆಗೆ ಅವರ ತಲೆಯಲ್ಲಿ ಹಗಲು ರಾತ್ರಿ ಊಟದ್ದೇ ಯೋಚನೆ ತುಂಬಿಕೊಂಡಿತು, ಅಡುಗೆ ಪುಸ್ತಕ ಓದುತ್ತಾ ಕೂರುವುದು, ತಟ್ಟೆಯಲ್ಲಿದ್ದದ್ದನ್ನು ಗಂಟೆಗಟ್ಟಲೆ ಕಲಸುತ್ತಾ ತಿನ್ನುವುದು, ಸಿಡುಕು, ಬೇಸರ, ಯಾರ ಜೊತೆಯೂ ಬೆರೆಯದಿರುವುದು. ಮತ್ತೆ ಊಟ ಸಿಕ್ಕಾಗ ಕೆಲವರಿಗೆ ಎಷ್ಟು ತಿಂದರೂ ತೃಪ್ತಿಯೇ ಆಗಲಿಲ್ಲ.

ದೊಡ್ಡ ಗಂಡಸರಿಗೇ ಹಾಗಾದರೆ ಬೆಳೆಯುವ ಮಕ್ಕಳ ಗತಿ? ಪ್ರಾಜೆಕ್ಟ್ ಈಟ್‌ನಲ್ಲೂ ಇದೇ ಕಂಡಿತು. ಡಯಟ್ ಮಾಡುತ್ತಿದ್ದ ಮಕ್ಕಳ ತೂಕ ಐದು ವರ್ಷದ ನಂತರ ನೋಡಿದರೆ ಮಾಡದವರಿಗಿಂತ ಜಾಸ್ತಿ ಏರಿತ್ತು. ಅದಕ್ಕೇ ಮಗಳಿಗೆ ಹೇಳಿದೆ, ನಿನಗೆ ಕಂಟ್ರೋಲ್ ಇಲ್ಲದೆ ಅಲ್ಲ ಕಂದ, ನಿನ್ನ ಹೊಟ್ಟೆ ನಿನ್ನನ್ನು ಕಾಪಾಡೋಕೆ ಕೂಗುತ್ತಿದೆ ಅಂತ. ಇದನ್ನು ನಿಮ್ಮ ಮಕ್ಕಳಿಗೂ ಬಿಡಿಸಿ ಹೇಳಿ. ಉಪದೇಶಕ್ಕಿಂತ ಈ ಕಥೆ ಅವರಿಗೆ ಬೇಗ ಹಿಡಿಸುತ್ತದೆ.

ದಿನಕ್ಕೆ ಒಂದು ಊಟ ಒಟ್ಟಿಗೆ

ಮನೆಯವರ ಜೊತೆ ಕೂತು ಊಟ ಮಾಡುವ ಮಕ್ಕಳು ಹಣ್ಣು ತರಕಾರಿ ಜಾಸ್ತಿ ತಿನ್ನುತ್ತಾರೆ, ಹುಡುಗಿಯರಲ್ಲಿ ಊಟ ಬಿಡುವ, ವಾಂತಿ ಮಾಡಿಕೊಳ್ಳುವಂಥ ಚಾಳಿ ಕಮ್ಮಿ ಅಂತಲೂ ಪ್ರಾಜೆಕ್ಟ್ ಈಟ್ ತೋರಿಸಿತು. ನಮ್ಮ ಮನೆಯಲ್ಲಿ ಆಗ ಯಾರು ಯಾರು ಯಾವಾಗ ತಿನ್ನುತ್ತಿದ್ದರೋ ದೇವರಿಗೇ ಗೊತ್ತು. ಇವರು ಅಂಗಡಿ ಮುಚ್ಚಿ ಬರುವುದು ಒಂಬತ್ತೂವರೆಗೆ, ಅಜ್ಜಿಗೆ ಏಳಕ್ಕೇ ಮುದ್ದೆ ಬೇಕು, ಮಗಳು ಮೊಬೈಲ್ ಹಿಡಿದು ರೂಮಿನಲ್ಲಿ. ಎಲ್ಲರನ್ನೂ ಕೂಡಿಸೋಕೆ ಆಗಲಿಲ್ಲ. ಹಾಗಾಗಿ ಎಂಟೂಕಾಲಕ್ಕೆ ನಾನು, ಮಗಳು ಇಬ್ಬರೇ ಶುರು ಮಾಡಿದೆವು. ಅಜ್ಜಿ ಊಟ ಮುಗಿಸಿದ್ದರೂ ಬಂದು ಪಕ್ಕದಲ್ಲಿ ಕೂರುತ್ತಾರೆ. ಇಬ್ಬರಾದರೂ ಸಾಕು, ಚಿತ್ರಾನ್ನವಾದರೂ ಸಾಕು. ಟಿವಿ ಆಫ್, ಮೊಬೈಲ್ ಫ್ರಿಜ್ ಮೇಲೆ. ಆ ಹೊತ್ತಲ್ಲಿ ಮಾರ್ಕ್ಸ್ ಮಾತು ತೆಗೆಯಬೇಡಿ, ಇದು ಬಹಳ ಮುಖ್ಯ. ಬೈಗುಳ ಬಡಿಸುವ ಜಾಗಕ್ಕೆ ಯಾವ ಮಗುವೂ ಬಂದು ಕೂರಲ್ಲ.

ಎಲಿನ್ ಸ್ಯಾಟರ್ ಅನ್ನುವ ಅಮೆರಿಕದ ಆಹಾರ ತಜ್ಞೆ ಒಂದು ಸೂತ್ರ ಕೊಟ್ಟಿದ್ದಾರೆ. ಏನು ಅಡುಗೆ, ಯಾವಾಗ, ಎಲ್ಲಿ ಅನ್ನೋದು ದೊಡ್ಡವರ ಕೈಯಲ್ಲಿ. ಎಷ್ಟು ತಿನ್ನಬೇಕು, ತಿನ್ನಬೇಕೋ ಬೇಡವೋ ಅನ್ನೋದು ಮಗುವಿನ ಕೈಯಲ್ಲಿ. ಮಕ್ಕಳು ದೊಡ್ಡವರಾಗುತ್ತಾ ಆ ಮೊದಲ ಭಾಗವನ್ನೂ ಸ್ವಲ್ಪ ಸ್ವಲ್ಪವಾಗಿ ಬಿಟ್ಟುಕೊಡಬೇಕು. ನಮ್ಮವರಿಗೆ ಇದು ಕಷ್ಟ. "ಇನ್ನೊಂದು ತುತ್ತು" ಅಂತ ಬಲವಂತ ಮಾಡುವುದೇ ನಮ್ಮ ಕಡೆ ಮರ್ಯಾದೆ. ಆದರೆ ಬಲವಂತವೂ ತಡೆಯೂ ಎರಡೂ ಮಗುವಿಗೆ ತನ್ನ ಹೊಟ್ಟೆಯ ಮಾತು ಕೇಳಿಸದ ಹಾಗೆ ಮಾಡುತ್ತವೆ. ಈಗ ನಾನು ಪಾತ್ರೆಗಳನ್ನು ನಡುವೆ ಇಟ್ಟುಬಿಡುತ್ತೇನೆ, ಅವರವರೇ ಬಡಿಸಿಕೊಳ್ಳುತ್ತಾರೆ.

ಅಡುಗೆ ಏನಿರಬೇಕು? ನಿಮ್ಮ ಅಜ್ಜಿ ಮಾಡುತ್ತಿದ್ದದ್ದೇ. ರಾಗಿ ದಪ್ಪ ಮಾಡುತ್ತದೆ ಅನ್ನುವುದು ಹುಡುಗಿಯರ ನಡುವೆ ಓಡಾಡುವ ಸುಳ್ಳು. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಒಂದು ದೊಡ್ಡ ಮುದ್ದೆಗೆ ಹೆಚ್ಚುಕಮ್ಮಿ ಅಷ್ಟು ಹಿಟ್ಟು ಹೋಗುತ್ತದೆ, 13–15ರ ಮಕ್ಕಳಿಗೆ ದಿನಕ್ಕೆ ಬೇಕಾಗಿರುವುದು 1,000 ಮಿಲಿಗ್ರಾಂ. ಮೂರನೇ ಒಂದು ಭಾಗ ಒಂದೇ ಮುದ್ದೆಯಲ್ಲಿ ಬಂತು ನೋಡಿ. ಜೊತೆಗೆ ಹುರಳಿಕಾಳು, ಅವರೆಕಾಳು, ಅಲಸಂದೆ, ಮಸೊಪ್ಪು, ತಿನ್ನುವವರಿಗೆ ಮೊಟ್ಟೆ, ಮೀನು. ಸೊಪ್ಪಿನ ಮೇಲೆ ನಿಂಬೆಹಣ್ಣು ಹಿಂಡಿದರೆ ಕಬ್ಬಿಣದ ಅಂಶ ಚೆನ್ನಾಗಿ ಮೈಗೆ ಹತ್ತುತ್ತದೆ. ಊಟದ ಹಿಂದೆಯೇ ಕಾಫಿ ಟೀ ಕುಡಿದರೆ ಅಷ್ಟು ಚೆನ್ನಾಗಿ ಹತ್ತುವುದಿಲ್ಲ. ಒಂದು ಗಂಟೆ ಮುಂಚೆ, ಒಂದು ಗಂಟೆ ಆಮೇಲೆ ಬೇಡ ಅಂತ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರ ಮಾರ್ಗಸೂಚಿಯಲ್ಲೇ ಹೇಳಿದೆ. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ಕಬ್ಬಿಣದ ನೀಲಿ ಮಾತ್ರೆಯನ್ನು ಊಟ ಆದಮೇಲೆ ನುಂಗಲು ಹೇಳಿ. ಖಾಲಿ ಹೊಟ್ಟೆಯಲ್ಲಿ ತಗೊಂಡು ಹೊಟ್ಟೆ ತೊಳಸಿದ್ದಕ್ಕೇ ಎಷ್ಟೋ ಮಕ್ಕಳು ಅದನ್ನು ಕಿಟಕಿಯಿಂದ ಆಚೆ ಎಸೆಯುತ್ತಾರೆ.

ಬೆಳಗಿನ ಕೋಚಿಂಗ್, ಪಿಜಿ ಮಕ್ಕಳು

ಮಂಡ್ಯದಿಂದ ಬೆಳಗಿನ ಟ್ರೈನ್ ಹಿಡಿದು ಮೈಸೂರಿಗೆ ಪಿಯುಸಿಗೆ ಹೋಗುವವರು, ಅಲ್ಲೇ ಸರಸ್ವತಿಪುರಂ, ಕುವೆಂಪುನಗರದ ಪಿಜಿಗಳಲ್ಲಿರುವವರು, ಏಳಕ್ಕೆಲ್ಲ ಕೋಚಿಂಗ್ ಇರುವವರು, ಇವರು ತಿಂಡಿ ಬಿಡುವುದು ಬೇಕಂತಲ್ಲ. ಟೈಮೇ ಇರಲ್ಲ. ಇವರಿಗೆ ಹುರಿಹಿಟ್ಟು ಮಾಡಿಕೊಡಿ. ರಾಗಿಯನ್ನು ನೀರು ಚಿಮುಕಿಸಿ ಅರಳುವ ಹಾಗೆ ಹುರಿದು, ಬೀಸಿ, ಜರಡಿ ಹಿಡಿದು ಡಬ್ಬಿಗೆ ಹಾಕಿದರೆ ವಾರಗಟ್ಟಲೆ ಕೆಡಲ್ಲ, ಒಲೆಯೂ ಬೇಡ. ಒಂದು ಲೋಟಕ್ಕೆ ನಾಲ್ಕು ಚಮಚ ಹಾಕಿ, ಬೆಲ್ಲದ ಪುಡಿ ಸೇರಿಸಿ, ಹಾಲಲ್ಲೋ ಮಜ್ಜಿಗೆಯಲ್ಲೋ ಗಂಟಿಲ್ಲದ ಹಾಗೆ ಕಲಸಿ ಕುಡಿದು ಓಡಬಹುದು. ಬ್ಯಾಗಿನಲ್ಲಿ ಕಡ್ಲೆಬೀಜ, ಬೆಲ್ಲ, ಒಂದು ಬಾಳೆಹಣ್ಣು. ನಿದ್ದೆಯನ್ನೂ ಇದೇ ಲೆಕ್ಕಕ್ಕೆ ಸೇರಿಸಿ, ಈ ವಯಸ್ಸಿಗೆ 8ರಿಂದ 10 ಗಂಟೆ ಬೇಕು. ನಿದ್ದೆ ಕೆಟ್ಟ ದಿನ ಸಿಹಿ, ಕರಿದದ್ದರ ಮೇಲೆ ಆಸೆ ಜಾಸ್ತಿ.

ಹೊರಗಿನ ತಿಂಡಿಗೆ ಪೂರ್ತಿ ನಿಷೇಧ ಹಾಕಬೇಡಿ. 1999ರಲ್ಲಿ ಫಿಶರ್, ಬರ್ಚ್ ಅನ್ನುವ ಸಂಶೋಧಕರು ಪುಟ್ಟ ಮಕ್ಕಳ ಮೇಲೆ ಮಾಡಿದ ಪ್ರಯೋಗದಲ್ಲಿ, ಕಣ್ಣೆದುರು ಇಟ್ಟು ಕೊಡದೆ ತಡೆದ ತಿಂಡಿಯ ಮೇಲೇ ಮಕ್ಕಳ ಮನಸ್ಸು ನೆಟ್ಟಿತು. ಶನಿವಾರ ಮದ್ದೂರು ವಡೆಯೋ ಚುರುಮುರಿಯೋ ಜೊತೆಗೇ ಹೋಗಿ ತಿನ್ನಿ, ಖುಷಿಯಾಗಿ ತಿನ್ನಿ. "ಇವತ್ತು ತಿಂದೆಯಲ್ಲ, ನಾಳೆ ಓಡು" ಅಂತ ಲೆಕ್ಕ ಹಾಕಬೇಡಿ. ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕುವುದನ್ನು ಸರ್ಕಾರ 2024ರ ಮಾರ್ಚ್‌ನಲ್ಲಿ ನಿಷೇಧಿಸಿದೆ, ಕೆಂಡದಂತೆ ಕೆಂಪಗಿದ್ದರೆ ಆ ಗಾಡಿ ಬಿಟ್ಟು ಮುಂದೆ ಹೋಗಿ. ನನಗೆ ಹೆಚ್ಚು ಚಿಂತೆ ಬಾಟಲಿ ಪಾನೀಯಗಳದ್ದು. ಸಾಮಾನ್ಯ ಕೋಲಾದಲ್ಲಿ 100 ಮಿ.ಲೀ.ಗೆ ಹತ್ತು ಗ್ರಾಂಗೂ ಜಾಸ್ತಿ ಸಕ್ಕರೆ. ಮನೆಗೆ ತಂದು ಇಡದಿದ್ದರೆ ಅರ್ಧ ಕೆಲಸ ಆದಂತೆ.

ತೂಕ ನೋಡಲೇಬೇಕಾದಾಗ

ಮನೆಯಲ್ಲಿ ತೂಕದ ಯಂತ್ರ ಇದ್ದರೆ ಅಟ್ಟಕ್ಕೆ ಹಾಕಿ. ದೊಡ್ಡವರ ಬಿಎಂಐ, ಅಂದರೆ ಎತ್ತರಕ್ಕೆ ತೂಕ ಎಷ್ಟಿದೆ ಅಂತ ನೋಡುವ ಲೆಕ್ಕ, ಮಕ್ಕಳಿಗೆ ಹೊಂದಲ್ಲ. ಮಕ್ಕಳಿಗೆ ವಯಸ್ಸು, ಗಂಡೋ ಹೆಣ್ಣೋ ಅನ್ನೋದರ ಮೇಲೆ ಬೇರೆ ಚಾರ್ಟ್ ಇದೆ, ಭಾರತೀಯ ಮಕ್ಕಳ ವೈದ್ಯರ ಸಂಘ 2015ರಲ್ಲಿ 5–18 ವರ್ಷದವರಿಗೆ ಅಂತಲೇ ಪ್ರಕಟಿಸಿದ್ದು. ಡಾಕ್ಟರ್ ಹತ್ತಿರ ಆ ಚಾರ್ಟ್ ತೋರಿಸಿ ಅಂತ ಕೇಳಿ. ಒಂದು ದಿನದ ಅಂಕಿಗಿಂತ, ಎರಡು ಮೂರು ವರ್ಷದ ಗೆರೆ ಯಾವ ಕಡೆ ಹೋಗುತ್ತಿದೆ ಅನ್ನೋದು ಮುಖ್ಯ. ಗೆರೆ ದಿಢೀರ್ ಮೇಲೇರಿದರೂ, ಕೆಳಗಿಳಿದರೂ ಪರೀಕ್ಷೆ ಮಾಡಿಸಬೇಕು.

ಯಾವಾಗ ತಡ ಮಾಡಬಾರದು

ಊಟ ಬಿಡುವುದು, ತಿಂದು ವಾಂತಿ ಮಾಡಿಕೊಳ್ಳುವುದು ಕಾಯಿಲೆಯ ಮಟ್ಟಕ್ಕೂ ಹೋಗಬಹುದು. ಇಂಥ ಕಾಯಿಲೆ ನಮ್ಮ ಕಡೆ ಎಲ್ಲಿದೆ ಅನ್ನಬೇಡಿ. ಬೆಂಗಳೂರಿನ ಮನೋವೈದ್ಯರನ್ನು ಕೇಳಿ 2012ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ ಸುಮಾರು ಮೂರರಲ್ಲಿ ಇಬ್ಬರು ವೈದ್ಯರು ಇಂಥ ಒಂದಾದರೂ ಕೇಸ್ ನೋಡಿದ್ದೇವೆ ಅಂದಿದ್ದರು.

ವೈದ್ಯರು ಬಳಸುವ ಐದು ಪ್ರಶ್ನೆಗಳ ಒಂದು ಪಟ್ಟಿ ಇದೆ, 1999ರಿಂದ ಬಳಕೆಯಲ್ಲಿದೆ. ಹೊಟ್ಟೆ ತುಂಬಿತು ಅಂತ ಬೇಕಂತಲೇ ವಾಂತಿ ಮಾಡಿಕೊಳ್ಳುತ್ತಾರಾ, ಎಷ್ಟು ತಿನ್ನುತ್ತೇನೆ ಅನ್ನೋದು ಕೈ ಮೀರಿದೆ ಅಂತ ಕೊರಗುತ್ತಾರಾ, ಮೂರು ತಿಂಗಳಲ್ಲಿ ಆರು ಕೆ.ಜಿ.ಗಿಂತ ಜಾಸ್ತಿ ಇಳಿದಿದ್ದಾರಾ, ಬೇರೆಯವರು ಸಣ್ಣ ಅಂದರೂ ತಾನು ದಪ್ಪ ಅಂತಲೇ ನಂಬಿದ್ದಾರಾ, ದಿನವೆಲ್ಲ ಊಟದ ಯೋಚನೆಯೇ ತುಂಬಿಕೊಂಡಿದೆಯಾ. ಎರಡಕ್ಕೆ ಹೌದು ಅಂತ ಬಂದರೂ ವೈದ್ಯರನ್ನು ಕಾಣಬೇಕು. ಪಟ್ಟಿ ಹಿಡಿದು ಮಗುವನ್ನು ವಿಚಾರಣೆ ಮಾಡಬೇಡಿ, ನಿಮ್ಮ ಮನಸ್ಸಿನಲ್ಲಿರಲಿ. ಇದರ ಜೊತೆಗೆ ಮುಟ್ಟು ನಿಂತುಹೋಗುವುದು, ತಲೆ ತಿರುಗುವುದು, ಊಟವಾದ ತಕ್ಷಣ ಬಚ್ಚಲು ಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ನಿಲ್ಲುವುದು, ಯಾರ ಎದುರಿಗೂ ತಿನ್ನದಿರುವುದು ಕಂಡರೆ ಆ ವಾರವೇ ಹೋಗಿ. ಪ್ರಜ್ಞೆ ತಪ್ಪಿ ಬಿದ್ದರೆ, ಬದುಕೋದು ಬೇಡ ಅನ್ನುವಂಥ ಮಾತಾಡಿದರೆ ಆ ಗಂಟೆಯೇ ಹೋಗಿ.

ಜಿಲ್ಲಾ, ತಾಲೂಕು ಸರ್ಕಾರಿ ಆಸ್ಪತ್ರೆಗಳಲ್ಲಿ ಹದಿಹರೆಯದವರಿಗೆ ಅಂತಲೇ ಸ್ನೇಹ ಕ್ಲಿನಿಕ್ ಇದೆ, ದುಡ್ಡು ಕೊಡಬೇಕಿಲ್ಲ. ರಾತ್ರಿ ಹೊತ್ತು ಏನು ಮಾಡುವುದು ತೋಚದಿದ್ದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ, ಉಚಿತ, ಕನ್ನಡದಲ್ಲೇ ಮಾತಾಡಬಹುದು. ಹೊರಡುವ ಮುಂಚೆ ಮಗುವಿಗೆ "ನಿನ್ನ ತೂಕಕ್ಕೆ ಅಲ್ಲ, ಇತ್ತೀಚೆಗೆ ನಿನಗೆ ಸುಸ್ತಾಗುತ್ತಿದೆ, ಅದಕ್ಕೆ ಹೋಗ್ತಿದೀವಿ" ಅಂತ ನಿಜವನ್ನೇ ಹೇಳಿ. ಕೊನೆಯ ಸಲ ಮುಟ್ಟಾದ ದಿನ, ವಾರದಲ್ಲಿ ಎಷ್ಟು ಹೊತ್ತು ಊಟ ಬಿಟ್ಟರು, ನಿದ್ದೆ ಹೇಗಿದೆ, ಇಷ್ಟನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಅದನ್ನು ಡಾಕ್ಟರ್ ಕೈಗೆ ಕೊಡಿ, ಎಲ್ಲರ ಮುಂದೆ ಬಾಯಲ್ಲಿ ಹೇಳಬೇಡಿ. ಡಾಕ್ಟರ್ ಮಗುವಿನ ಜೊತೆ ಒಬ್ಬರೇ ಮಾತಾಡಬೇಕು ಅಂದರೆ ಎದ್ದು ಆಚೆ ಬನ್ನಿ. ಒಪಿಡಿ ಸಾಲು ಉದ್ದ ಇರುತ್ತದೆ, ಚೀಲದಲ್ಲಿ ನೀರಿನ ಬಾಟಲಿ, ಎರಡು ಬಾಳೆಹಣ್ಣು ಇರಲಿ. ಒಂದನ್ನು ನೀವು ತಿನ್ನಿ, ಇನ್ನೊಂದನ್ನು ಏನೂ ಹೇಳದೆ ಪಕ್ಕದಲ್ಲಿಡಿ.